ಪ್ಲಗ್ ಕೀಳಬೇಡಿ, ತೆಗೆಯಿರಿ

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಹೇಳಲು ಹೊರಟಿರುವ ಕೆಲಸಕ್ಕೆ ಎರಡು ಸೆಕೆಂಡೂ ಹಿಡಿಯುವುದಿಲ್ಲ. ಗೋಡೆಯ ಸಾಕೆಟ್‌ನಿಂದ ಪ್ಲಗ್ ತೆಗೆಯುವುದು. ಅಷ್ಟೇ. ‘ಇದನ್ನೂ ಹೇಳಿಕೊಡಬೇಕಾ’ ಅಂತ ನೀವು ನಕ್ಕರೆ ತಪ್ಪೇನಿಲ್ಲ. ನಾನೂ ಹಾಗೇ ನಗುತ್ತಿದ್ದೆ, ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಕೈಕೊಡುವವರೆಗೆ.

ಆ ಪೆಟ್ಟಿಗೆಗೆ ಒಂದು ವಿಚಿತ್ರ ಅಭ್ಯಾಸ ಶುರುವಾಗಿತ್ತು. ಪ್ಲಗ್‌ನ ಹತ್ತಿರ ವೈರನ್ನು ಎಡಕ್ಕೆ ಬಾಗಿಸಿ ಹಿಡಿದರೆ ಕಾಯುತ್ತಿತ್ತು, ಬಿಟ್ಟರೆ ಸುಮ್ಮನಾಗುತ್ತಿತ್ತು. ನಾನು ದೊಡ್ಡ ಬುದ್ಧಿವಂತನ ಹಾಗೆ ವೈರಿಗೆ ಒಂದು ದಾರ ಕಟ್ಟಿ, ಪಕ್ಕದ ಮೊಳೆಗೆ ಬಿಗಿದು, ಕೆಲವು ದಿನ ಕಾಲ ಹಾಕಿದೆ. ಒಂದು ದಿನ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿ ನೋಡಿದರೆ ಒಳಗಿನ ಒಂದು ವೈರಿನ ಎಳೆಗಳು ಸವೆದ ಪೊರಕೆಯ ಹಾಗೆ ಕೆದರಿಕೊಂಡಿದ್ದವು. ಗಟ್ಟಿಯಾಗಿ ಉಳಿದದ್ದು ನಾಲ್ಕೇ ನಾಲ್ಕು ಎಳೆ. ತಪ್ಪು ಇಸ್ತ್ರಿ ಪೆಟ್ಟಿಗೆಯದಲ್ಲ. ಬಟ್ಟೆ ಮುಗಿದ ತಕ್ಷಣ ನಿಂತಲ್ಲಿಂದಲೇ ವೈರು ಜಗ್ಗಿ ಪ್ಲಗ್ ಕೀಳುವುದು ನನ್ನ ಎಷ್ಟೋ ವರ್ಷದ ರೂಢಿ.

ಈ ವೈರು ಅಂದರೆ ಏನು ಅಂತ ಒಮ್ಮೆ ನೋಡೋಣ. ಮೇಲಿನ ಹೊದಿಕೆ ಸುಲಿದರೆ ಒಳಗೆ ಎರಡೋ ಮೂರೋ ಬಣ್ಣದ ವೈರು. ಅದರ ಹೊದಿಕೆಯನ್ನೂ ಸುಲಿದರೆ ತಾಮ್ರದ ಸಣ್ಣ ಸಣ್ಣ ಎಳೆಗಳು. 0.75 ಚದರ ಮಿಲಿಮೀಟರ್ ಅಂತ ಗುರುತಿಸುವ ವೈರಿನಲ್ಲಿ ಸಾಮಾನ್ಯವಾಗಿ 0.2 ಮಿಲಿಮೀಟರ್ ದಪ್ಪದ 24 ಎಳೆ ಇರುತ್ತವೆ. ಒಂದೇ ದಪ್ಪ ತಂತಿ ಹಾಕಿದರೂ ಕರೆಂಟ್ ಹರಿಯುತ್ತದೆ. ಆದರೆ ಅದು ಸರಿಯಾಗಿ ಬಾಗುವುದಿಲ್ಲ, ನಾಲ್ಕು ಸಲ ಬಾಗಿಸಿದರೆ ಮುರಿಯುತ್ತದೆ. ಅದಕ್ಕೇ ಇಷ್ಟೊಂದು ಎಳೆ. ಅಂದರೆ ವೈರನ್ನು ಮಾಡಿರುವುದು ಬಾಗಲಿ ಅಂತ, ಜಗ್ಗಲಿ ಅಂತಲ್ಲ.

ಜಗ್ಗಿದಾಗ ಆ ಬಲ ಎಲ್ಲಿಗೆ ಹೋಗುತ್ತದೆ? ಸ್ಕ್ರೂ ಬಿಚ್ಚುವಂಥ ಪ್ಲಗ್ ಇದ್ದರೆ ತೆರೆದು ನೋಡಿ. ವೈರು ಒಳಗೆ ಬರುವ ಕಡೆ ಅದನ್ನು ಅದುಮಿ ಹಿಡಿಯುವ ಒಂದು ಪುಟ್ಟ ಪಟ್ಟಿ ಇರುತ್ತದೆ. ಎಳೆತವನ್ನು ತಡೆದುಕೊಳ್ಳುವುದೇ ಅದರ ಕೆಲಸ. ಎಷ್ಟೋ ಮನೆಗಳಲ್ಲಿ ಪ್ಲಗ್ ಬದಲಾಯಿಸುವಾಗ ‘ಇದು ಯಾಕೋ ಜಾಸ್ತಿ ಉಳಿಯಿತು’ ಅಂತ ಆ ಪಟ್ಟಿಯನ್ನು ಎಸೆದುಬಿಡುತ್ತಾರೆ. ಆಗ ಇಡೀ ಎಳೆತ ಪಿನ್ನಿನ ಸ್ಕ್ರೂಗೆ ಸಿಕ್ಕಿಸಿದ ಎಳೆಗಳ ಮೇಲೆ ಬೀಳುತ್ತದೆ. ಬಿಚ್ಚಲಾಗದ, ಅಚ್ಚು ಹೊಯ್ದ ಪ್ಲಗ್‌ಗಳು ಇನ್ನೂ ಗಟ್ಟಿ, ನಿಜ. ಅವುಗಳ ಬಾಲದಲ್ಲಿ ಗೆರೆಗೆರೆಯಾದ ರಬ್ಬರ್ ಕವಚ ಇರುತ್ತದೆ ನೋಡಿ, ಅದು ಅಂದಕ್ಕಲ್ಲ. ವೈರು ಒಂದೇ ಜಾಗದಲ್ಲಿ ಮಡಚದೆ ಮೆಲ್ಲಗೆ ಬಾಗಲಿ ಅಂತ ಇರುವುದು. ಓರೆಯಾಗಿ ದಿನಾ ಜಗ್ಗಿದರೆ ಅದೂ ಸೋಲುತ್ತದೆ.

ಎಳೆಗಳು ಒಂದೇ ದಿನ ತುಂಡಾಗುವುದಿಲ್ಲ. ಒಂದೊಂದಾಗಿ ಹೋಗುತ್ತವೆ. ಹೊರಗಿನಿಂದ ನೋಡಿದರೆ ವೈರು ಹೊಸದರ ಹಾಗೇ ಇರುತ್ತದೆ, ಉಪಕರಣವೂ ನಡೆಯುತ್ತಿರುತ್ತದೆ. ಮೋಸ ಇರುವುದೇ ಅಲ್ಲಿ. ಉಪಕರಣಕ್ಕೆ ಬೇಕಾದ ಕರೆಂಟ್ ಕಮ್ಮಿ ಆಗುವುದಿಲ್ಲ, ಹೊರುವ ಎಳೆಗಳು ಕಮ್ಮಿ ಆಗುತ್ತವೆ. 1000 ವಾಟ್‌ನ ಇಸ್ತ್ರಿ ಪೆಟ್ಟಿಗೆ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 24 ಎಳೆ ಹೊರಬೇಕಾದದ್ದನ್ನು ನಾಲ್ಕೇ ಹೊತ್ತರೆ, ಒಂದೊಂದಕ್ಕೂ ಆರು ಪಟ್ಟು ಭಾರ. ಶಾಖದ ಲೆಕ್ಕ ಇನ್ನೂ ಕೆಟ್ಟದು. ಕರೆಂಟ್ ಎಷ್ಟು ಪಟ್ಟು ಹೆಚ್ಚಾಯಿತೋ ಅದರ ವರ್ಗದಷ್ಟು ಬಿಸಿ ಹೆಚ್ಚುತ್ತದೆ. ಆರಾರು ಮೂವತ್ತಾರು. ಆ ಒಂದು ಗೇಣೂ ಇಲ್ಲದ ಜಾಗದಲ್ಲಿ ಪ್ರತಿ ಎಳೆಯೂ 36 ಪಟ್ಟು ಶಾಖ ಹುಟ್ಟಿಸುತ್ತದೆ. ನನ್ನ ಮೂಗಿಗೆ ಬಂದ ವಾಸನೆ ಅದೇ.

ಸರಿ, ಹಾಗಾದರೆ ತೆಗೆಯುವುದು ಹೇಗೆ?

ಮೊದಲು ಸ್ವಿಚ್. ಸಾಕೆಟ್‌ಗೆ ಸ್ವಿಚ್ ಇದ್ದರೆ ಅದನ್ನು ಆರಿಸಿ. ಕೆಲವು ದೇಶಗಳಲ್ಲಿ ಸಾಕೆಟ್‌ಗೆ ಸ್ವಿಚ್ಚೇ ಇರುವುದಿಲ್ಲ, ಅಲ್ಲಿ ಉಪಕರಣವನ್ನೇ ಆರಿಸಿಕೊಳ್ಳಬೇಕು. ಓಡುತ್ತಿರುವಾಗಲೇ ಪ್ಲಗ್ ಕಿತ್ತರೆ ಸಾಕೆಟ್‌ನೊಳಗೆ ಚಟ್ ಅಂತ ನೀಲಿ ಕಿಡಿ ಕಾಣುತ್ತದಲ್ಲ, ಅದನ್ನು ನಾವೆಲ್ಲ ನೋಡಿದ್ದೇವೆ. ಪಿನ್ನು ದೂರ ಸರಿದರೂ ಕರೆಂಟ್ ಗಾಳಿಯನ್ನು ಹಾದು ಬರಲು ನೋಡುವುದು ಅದು. ಫ್ಯಾನು, ಮಿಕ್ಸಿಯಂಥ ಮೋಟರ್ ಇರುವ ಸಾಮಾನುಗಳಲ್ಲಿ ಕಿಡಿ ಜೋರು. ಪ್ರತಿ ಕಿಡಿಯೂ ಪಿನ್ನಿನ ಮೇಲೆ ಒಂದು ಸಣ್ಣ ಗುಳಿ, ಒಂದಿಷ್ಟು ಮಸಿ ಬಿಟ್ಟು ಹೋಗುತ್ತದೆ. ಮಸಿ ಕೂತ ಪಿನ್ನು ಸರಿಯಾಗಿ ತಾಗುವುದಿಲ್ಲ, ಸರಿಯಾಗಿ ತಾಗದ್ದು ಕಾಯುತ್ತದೆ. ಸ್ವಿಚ್ಚಿನೊಳಗೂ ಕಿಡಿ ಏಳುತ್ತದೆ, ಆದರೆ ಅದನ್ನು ತಡೆದುಕೊಳ್ಳಲೆಂದೇ ಸ್ವಿಚ್ಚನ್ನು ಮಾಡಿರುವುದು.

ಆಮೇಲೆ ಕೈ. ಒಣಗಿರಬೇಕು. ಒದ್ದೆಯಾದ ಚರ್ಮ ಕರೆಂಟಿಗೆ ಒಡ್ಡುವ ಅಡ್ಡಿ ಒಣ ಚರ್ಮಕ್ಕಿಂತ ಬಹಳ ಕಮ್ಮಿ. ಸುಮಾರು 10 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಒಂದು ಪಾಲು ಹರಿದರೂ ಕೈಯ ಸ್ನಾಯು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗದೆ ಹೋಗಬಹುದು. ಪಾತ್ರೆ ತೊಳೆಯುತ್ತಿದ್ದ ಕೈಯಲ್ಲಿ ‘ಒಂದೇ ನಿಮಿಷ’ ಅಂತ ಹೋಗಿ ಪ್ಲಗ್ ಮುಟ್ಟುವವರಿಗೆ ಈ ಮಾತು.

ಇನ್ನು ಹಿಡಿತ. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ, ಪ್ಲಗ್‌ನ ಮೈಯನ್ನೇ ಹಿಡಿಯಬೇಕು. ಬೆರಳ ತುದಿ ಗೋಡೆ ಮತ್ತು ಪ್ಲಗ್‌ನ ನಡುವೆ ನುಸುಳಬಾರದು. ಅರ್ಧ ಹೊರಬಂದ ಪಿನ್ನಿನಲ್ಲೂ ಕರೆಂಟ್ ಇರಬಹುದು. ಮಕ್ಕಳ ಬೆರಳು ಸಣ್ಣದು, ಸಲೀಸಾಗಿ ಅಲ್ಲಿಗೆ ತಲುಪುತ್ತದೆ. ಕೆಲವು ಪ್ಲಗ್‌ಗಳಲ್ಲಿ ಪಿನ್ನಿನ ಬುಡಕ್ಕೆ ಪ್ಲಾಸ್ಟಿಕ್ ಹೊದಿಕೆ ಇರುವುದು ಇದಕ್ಕಾಗಿಯೇ. ಹಿಡಿದ ಮೇಲೆ ನೇರವಾಗಿ ಹೊರಕ್ಕೆ ಎಳೆಯಿರಿ. ಆ ಕಡೆ ಈ ಕಡೆ ಅಲ್ಲಾಡಿಸಿ ಸಡಿಲ ಮಾಡಿಕೊಳ್ಳುವುದು ಬೇಡ. ಸಾಕೆಟ್‌ನೊಳಗೆ ಪಿನ್ನನ್ನು ಅಪ್ಪಿ ಹಿಡಿಯುವ ಲೋಹದ ಪಟ್ಟಿಗಳಿವೆ, ಅಲ್ಲಾಡಿಸಿದಷ್ಟೂ ಅವು ಅಗಲವಾಗುತ್ತವೆ. ಮುಂದೆ ಯಾವ ಪ್ಲಗ್ ಹಾಕಿದರೂ ಗಡಗಡ ಅನ್ನುತ್ತದೆ. ವೈರು ಹಿಡಿದು ದೂರದಿಂದ ಜಗ್ಗಿದಾಗ ಆಗುವುದೂ ಇದೇ. ಎಳೆತ ಓರೆಯಾಗಿ ಬಿದ್ದು, ಪಿನ್ನು ಮೀಟುಗೋಲಿನ ಹಾಗೆ ಸಾಕೆಟ್ಟನ್ನು ಮೀಟುತ್ತದೆ. ಕಸ ಹೀರುವ ಯಂತ್ರ, ಅದೇ ವ್ಯಾಕ್ಯೂಮ್ ಕ್ಲೀನರ್ ಇರುವವರು ಇದನ್ನು ಚೆನ್ನಾಗಿ ಬಲ್ಲರು. ಪಕ್ಕದ ಕೋಣೆಯಿಂದಲೇ ಒಂದು ಜಗ್ಗು! ನಾಲ್ಕು ಹೆಜ್ಜೆ ಉಳಿಯುತ್ತದೆ, ನಿಜ.

ಮೂರು ಪಿನ್ನಿನ ಪ್ಲಗ್‌ಗಳ ಬಗ್ಗೆ ನನಗೆ ಇಷ್ಟವಾಗುವ ಒಂದು ಸಂಗತಿ ಇದೆ. ಹಲವು ನಮೂನೆಗಳಲ್ಲಿ ಅರ್ಥ್ ಪಿನ್ನು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಪಿನ್ನು, ಉಳಿದೆರಡಕ್ಕಿಂತ ಉದ್ದ. ಹಾಕುವಾಗ ಅದು ಮೊದಲು ತಾಗುತ್ತದೆ, ತೆಗೆಯುವಾಗ ಕೊನೆಗೆ ಬಿಡುತ್ತದೆ. ಕರೆಂಟ್ ಇರುವಷ್ಟು ಹೊತ್ತೂ ಕಾವಲು ಇರಲಿ ಅಂತ. ನುರಿತ ಎಲೆಕ್ಟ್ರಿಷಿಯನ್ ಪ್ಲಗ್‌ನೊಳಗೆ ಅರ್ಥ್ ವೈರನ್ನು ಬೇಕಂತಲೇ ಸ್ವಲ್ಪ ಉದ್ದ ಬಿಡುತ್ತಾರೆ. ಯಾರಾದರೂ ಜಗ್ಗಿ ವೈರುಗಳು ಕಿತ್ತು ಬಂದರೂ ಅದೊಂದು ಕೊನೆಯವರೆಗೆ ನಿಲ್ಲಲಿ ಅಂತ. ನಮ್ಮಂಥವರು ಇದ್ದೇ ಇರುತ್ತೇವೆ ಅನ್ನುವುದು ಅವರಿಗೆ ಮೊದಲೇ ಗೊತ್ತು.

ಅಂದಹಾಗೆ, ಈ ತೆಗೆದು ಹಾಕುವ ಅನುಕೂಲವೇ ಒಂದು ಕಾಲದಲ್ಲಿ ಇರಲಿಲ್ಲ. ಮನೆಗಳಿಗೆ ಮೊದಲು ಕರೆಂಟ್ ಬಂದದ್ದು ದೀಪಕ್ಕೆ. ಬೇರೆ ಏನಾದರೂ ನಡೆಸಬೇಕಾದರೆ ಬಲ್ಬ್ ಹೋಲ್ಡರಿಗೇ ತಿರುಗಿಸಿ ಕೂರಿಸುತ್ತಿದ್ದರು. ಅಮೆರಿಕದ ಹಾರ್ವಿ ಹಬೆಲ್ ಎಂಬಾತ ಎಳೆದರೆ ಬೇರೆಯಾಗುವ ಪ್ಲಗ್‌ಗೆ 1904ರಲ್ಲಿ ಪೇಟೆಂಟ್ ಪಡೆದ. ಅದರ ಒಂದು ಭಾಗ ಹೋಲ್ಡರಿನಲ್ಲೇ ಉಳಿಯುತ್ತಿತ್ತು, ಇನ್ನೊಂದು ಕೈಗೆ ಬರುತ್ತಿತ್ತು.

ಪ್ಲಗ್ ಅಂಟಿಕೊಂಡು ಬರುವುದೇ ಇಲ್ಲ ಅಂದರೆ? ಬಲ ಹಾಕಬೇಡಿ. ಒಳಗೆ ಪ್ಲಾಸ್ಟಿಕ್ ಕರಗಿ ಹಿಡಿದುಕೊಂಡಿರಬಹುದು. ತೂತಿನ ಸುತ್ತ ಕಂದು ಬಣ್ಣ, ಸುಟ್ಟ ವಾಸನೆ ಇದ್ದರಂತೂ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಪಿನ್ನು ಮುರಿದು ಒಳಗೇ ಉಳಿದರೂ ಹಾಗೆಯೇ. ಚಿಮಟ ಹಾಕಿ ಕೀಳುವ ಸಾಹಸ ಬೇಡ. ಪ್ಲಗ್ ಜೊತೆ ಇಡೀ ಸಾಕೆಟ್ಟೇ ಗೋಡೆಯಿಂದ ಎದ್ದು ಬರುತ್ತಿದ್ದರೆ ರಿಪೇರಿ ಮಾಡಿಸುವವರೆಗೆ ಅದನ್ನು ಬಳಸಬೇಡಿ.

ತೆಗೆದ ಪ್ಲಗ್ಗನ್ನು ಒಂದು ಕ್ಷಣ ಕೈಯಲ್ಲೇ ಹಿಡಿದು ನೋಡಿ. ಪಿನ್ನು ಮುಟ್ಟುವುದು ಬೇಡ, ಮೈ ಮಾತ್ರ. ಹೀಟರ್, ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಸ್ವಲ್ಪ ಬೆಚ್ಚಗಿದ್ದರೆ ಚಿಂತೆ ಇಲ್ಲ. ಹಿಡಿಯಲಾಗದಷ್ಟು ಬಿಸಿ ಇದ್ದರೆ ಒಳಗೆ ಏನೋ ಸಡಿಲವಾಗಿದೆ. ಆಮೇಲೆ ವೈರು ಸುತ್ತುವಾಗ ಬಿಗಿಯಾಗಿ ಸುತ್ತಬೇಡಿ, ಬಿಸಿ ಇಸ್ತ್ರಿ ಪೆಟ್ಟಿಗೆಯ ಮೇಲಂತೂ ಬೇಡವೇ ಬೇಡ.

ಗುಡುಗು ಸಿಡಿಲಿಗೆ ಹೆದರಿ ಪ್ಲಗ್ ತೆಗೆಯುವವರು ಮೋಡ ಕಟ್ಟಿದಾಗಲೇ ತೆಗೆದಿಡಿ. ಸಿಡಿಲು ಹೊಡೆಯುತ್ತಿರುವಾಗ ಸಾಕೆಟ್ ಹತ್ತಿರ ಹೋಗಬೇಡಿ. ಮತ್ತೆ, ಫ್ರಿಜ್‌ನ ಪ್ಲಗ್ ತೆಗೆದರೆ ಕೂಡಲೇ ಹಾಕಬೇಡಿ, ಐದು ನಿಮಿಷ ಬಿಡಿ. ಕಂಪ್ರೆಸರಿನ ಒಳಗಿನ ಒತ್ತಡ ಎರಡೂ ಕಡೆ ಸಮ ಆಗಬೇಕು, ಇಲ್ಲದಿದ್ದರೆ ಮೋಟರ್ ಮುಕ್ಕರಿಯುತ್ತದೆ, ತಿರುಗುವುದಿಲ್ಲ.

ನಮಸ್ಕಾರ.