ಅಕ್ಕಿ ಡಬ್ಬದೊಳಗಿನ ಪಂಪ್

ನಮಸ್ಕಾರ. ನಮ್ಮ ಶಿಡ್ಲಘಟ್ಟದ ಕಡೆ ನನಗೆ ಗೊತ್ತಿರೋ ಒಂದು ಮನೆ. ರೇಷ್ಮೆ ನೂಲು ಬಿಚ್ಚೋ ಕೆಲಸ. ಬೆಳಕು ಹರಿಯೋ ಮೊದಲೇ ಗೂಡು ಬೇಯಿಸೋ ಒಲೆ ಹತ್ತಿರುತ್ತೆ. ಆ ಮನೆ ಹುಡುಗಿಗೆ ಉಬ್ಬಸ, ಅಂದ್ರೆ ಆಸ್ತಮಾ. ಗಂಡಿನ ಕಡೆಯವರು ನೋಡೋಕೆ ಬರೋ ದಿನ ಅವಳು ಔಷಧಿ ಎಳೆದುಕೊಳ್ಳೋ ಪಂಪ್, ಅದೇ ಇನ್ಹೇಲರ್, ಅಕ್ಕಿ ಡಬ್ಬದೊಳಕ್ಕೆ ಹೋಗುತ್ತೆ. ಇದನ್ನ ಹೇಳಿದ್ದು ಅವಳಮ್ಮನೇ, ನಗ್ತಾ ನಗ್ತಾ. ನನಗೆ ನಗು ಬರಲಿಲ್ಲ.

ಬಚ್ಚಿಟ್ಟ ಪಂಪ್ ಆಚೆ ಬರೋದು ಉಸಿರು ಕಟ್ಟಿದಾಗ ಮಾತ್ರ. ಅದೂ ಯಾವ ಪಂಪ್? ನೀಲಿದು, ಸಾಲ್ಬುಟಮಾಲ್. ಬಿಗಿದುಕೊಂಡ ಶ್ವಾಸನಾಳವನ್ನ ಸಡಿಲ ಮಾಡುತ್ತೆ, ನಾಲ್ಕಾರು ಗಂಟೆ ಹಾಯ್ ಅನ್ಸುತ್ತೆ. ಒಳಗಿನ ಊತ ಇದ್ದಂಗೇ ಇರುತ್ತೆ. ಊತ ಇಳಿಸೋದು ಎಳೆದುಕೊಳ್ಳೋ ಸ್ಟೀರಾಯ್ಡ್. ಅದನ್ನ ದಿನಾ ತಗೋಬೇಕು ಅಂತಾರೆ ಡಾಕ್ಟರು. ನಾವು ಆಯ್ತು ಸಾರ್ ಅಂತೀವಿ, ವಾರ ಕಳೆದು ಸ್ವಲ್ಪ ಆರಾಮ ಆದ್ರೆ ಬಿಟ್ಟುಬಿಡ್ತೀವಿ. ಪಂಪ್ ಅಭ್ಯಾಸ ಆಗಿಬಿಡುತ್ತಂತೆ, ಸ್ಟೀರಾಯ್ಡ್ ಅಂದ್ರೆ ಭಯ, ಮೇಲೆ ಮದುವೆ ಮಾತು ಬೇರೆ.

ಇತ್ತೀಚಿನ ಸಂಶೋಧನೆಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇಲ್ಲಿದೆ. ರೋಗಿಯನ್ನ ಬೈಯೋದು ಬಿಟ್ಟು, ಅವನು ಹೆಂಗಿದಾನೋ ಹಂಗೇ ಒಪ್ಪಿಕೊಂಡ ಸಂಶೋಧನೆ ಅದು. ಉಸಿರು ಕಟ್ಟಿದಾಗ ತಾನೇ ಪಂಪ್ ಹಿಡೀತೀಯಾ? ಸರಿ, ಆ ಪಂಪಲ್ಲೇ ಊತದ ಔಷಧಿನೂ ಇರಲಿ. ಊತ ಇಳಿಸೋ ಬುಡೆಸೊನೈಡ್, ನಾಳ ಸಡಿಲ ಮಾಡೋ ಫಾರ್ಮೊಟೆರಾಲ್, ಎರಡೂ ಒಂದರಲ್ಲೇ. 2018ರಲ್ಲಿ ಸಿಗ್ಮಾ ಅನ್ನೋ ಅಧ್ಯಯನದ ಫಲಿತಾಂಶ ಬಂತು. ಸೌಮ್ಯ ಆಸ್ತಮಾ ಇರೋ 3800ಕ್ಕೂ ಹೆಚ್ಚು ಜನ. ಬೇಕಾದಾಗ ಮಾತ್ರ ಈ ಜೋಡಿ ಪಂಪ್ ಎಳೆದವರಲ್ಲಿ, ಬರೀ ನಾಳ ಸಡಿಲ ಮಾಡೋ ಪಂಪ್ ಎಳೆದವರಿಗಿಂತ ಜೋರಾಗಿ ಉಬ್ಬಸ ಕೆರಳೋದು 64% ಕಡಿಮೆ. ಮರುವರ್ಷವೇ, 2019ರಲ್ಲಿ, ಜಗತ್ತಿನ ಆಸ್ತಮಾ ಮಾರ್ಗಸೂಚಿ ಬರೆಯೋ ಜೀನಾ ಹೇಳಿಬಿಡ್ತು: 12 ವರ್ಷ ತುಂಬಿದ ಯಾರಿಗೂ ನೀಲಿ ಪಂಪ್ ಒಂದನ್ನೇ ಕೊಟ್ಟು ಕಳಿಸಬೇಡಿ.

ಆದ್ರೂ ನಮ್ಮ ಮೆಡಿಕಲ್ ಶಾಪ್‌ಗೆ ಹೋಗಿ ಪಂಪ್ ಕೊಡಿ ಅಂದ್ರೆ ಕೈಗೆ ಬರೋದು ನೀಲಿದೇ. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಸುಮಾರು 13% ನಮ್ಮ ದೇಶದಲ್ಲಿದಾರೆ, ಆಸ್ತಮಾ ಸಾವುಗಳಲ್ಲಿ ಸುಮಾರು 42% ನಮ್ಮದೇ ಅಂತ ಅಂದಾಜು. ಮೃಗಶಿರ ಹುಟ್ಟೋ ಹೊತ್ತಿಗೆ ಮೀನಿನ ಔಷಧಿಗೆ ಅಂತ ಹೈದರಾಬಾದ್ ರೈಲು ಹತ್ತೋಕೆ ನಾಚಿಕೆ ಇಲ್ಲ ನಮಗೆ, ನಾಚಿಕೆ ಎಲ್ಲಾ ಪಂಪ್ ಮೇಲೇ.

ಇನ್ನು ಆ ಹುಡುಗಿಯ ಅಮ್ಮ. ಬೀಡಿ ಮುಟ್ಟಿದವಳಲ್ಲ, ಆದ್ರೆ ಕೆಮ್ಮು, ಕಫ, ಮೆಟ್ಟಿಲು ಹತ್ತಿದ್ರೆ ಏದುಸಿರು. ವಯಸ್ಸಾಯ್ತು ಬಿಡು ಅಂತಾಳೆ. ಮೈಸೂರು ಸೀಮೆಯ ಹಳ್ಳಿ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಒಂದು ಸರಳ ಲೆಕ್ಕ ಇದೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ, ಎಷ್ಟು ವರ್ಷ, ಎರಡನ್ನೂ ಗುಣಿಸಿ. 60 ಮುಟ್ಟಿದ್ರೆ ದೀರ್ಘಕಾಲದ ಬ್ರಾಂಕೈಟಿಸ್, ಅಂದ್ರೆ ಶ್ವಾಸನಾಳ ಊದಿಕೊಂಡು ಕೆಮ್ಮು-ಕಫ ಬಿಡದೇ ಇರೋ ಕಾಯಿಲೆಯ ಅಪಾಯ ಕಣ್ಣಿಗೆ ಕಾಣೋ ಹಾಗೆ ಏರುತ್ತೆ. ದಿನಕ್ಕೆ 3 ಗಂಟೆಯಂತೆ 20 ವರ್ಷ ಸಾಕು. ಈಕೆ ಅದನ್ನ ದಾಟಿ ಎಷ್ಟೋ ಕಾಲ ಆಯ್ತು, ಗೂಡು ಬೇಯಿಸೋ ಒಲೆಯ ಲೆಕ್ಕ ಸೇರಿಸದೇನೇ.

ಇದು ಸಿಒಪಿಡಿ, ಅಂದ್ರೆ ಶ್ವಾಸನಾಳ ಕಾಯಂ ಆಗಿ ಕಿರಿದಾಗೋ ಶ್ವಾಸಕೋಶದ ಕಾಯಿಲೆ ಆಗಿದ್ರೆ, ಮಗಳ ಪಂಪ್ ಒಂದೇ ತಾಯಿಗೆ ಸಾಲಲ್ಲ. ಇಲ್ಲಿ ನಾಳ ಪೂರ್ತಿ ಮೊದಲಿನಂತಾಗಲ್ಲ, ದಿನಾ ತಗೊಳ್ಳೋ ಬೇರೆ ಔಷಧಿ ಬೇಕು. ಮೊದಲು ಊದಿಸಿ ನೋಡೋ ಸ್ಪೈರೋಮೆಟ್ರಿ ಆಗಬೇಕು. ದೊಡ್ಡ ಸುದ್ದಿ ಮಾಡಿದ ಹೊಸ ಇಂಜೆಕ್ಷನ್‌ಗಳೂ ಇವೆ, ಡ್ಯುಪಿಲುಮ್ಯಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಸಿಒಪಿಡಿಗೂ ಒಪ್ಪಿಗೆ ಸಿಕ್ತು. ಅದು ರಕ್ತದಲ್ಲಿ ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣ ಜಾಸ್ತಿ ಇರೋರಿಗೆ, ಬೆಲೆಯೂ ನಮ್ಮಂಥವರ ಕೈಗೆಟುಕದ್ದು.

ಹೋದ ವಾರ ಆಕೆಗೆ ಈ 60ರ ಲೆಕ್ಕ ಹೇಳಿದೆ. ಬೆರಳು ಮಡಚಿ ಎಣಿಸಿದಳು, ಮದುವೆಯಾದ ವರ್ಷದಿಂದ. ಅರ್ಧಕ್ಕೇ ನಿಲ್ಲಿಸಿ, "ಅಣ್ಣಾ, ನಮ್ಮಮ್ಮನ ಮನೇಲೂ ಒಲೆ ಊದಿದ್ನಲ್ಲ, ಅದೂ ಸೇರಿಸ್ಬೇಕಾ?" ಅಂದಳು.