ತಲೆಗೆ ಪೆಟ್ಟಾ? ಮಾತ್ರೆಯ ಹೆಸರು ಓದಿ

ಕೇಳುಗರಿಗೆಲ್ಲ ನಮಸ್ಕಾರ. ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿಯಲು ಶುರುವಾದರೆ ಸಾಕು, ಲೋಡ್ ಮೇಲಿಂದ ಬಿದ್ದವರು, ಬೈಕಿನಿಂದ ಜಾರಿದವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಅದಕ್ಕೇ ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ತಲೆಗೆ ಪೆಟ್ಟು ಬಿದ್ದಿದ್ದರೆ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಬೇರೆ ಯಾವ ನೋವಿನ ಮಾತ್ರೆಯೂ ಬೇಡ.

ಯಾಕೆ ಅಂತೀರಾ? ಜೋರಾಗಿ ಪೆಟ್ಟು ಬಿದ್ದಾಗ ಬುರುಡೆಯೊಳಗೆ ಮಿದುಳು ಅಲುಗಿಬಿಡುತ್ತದೆ. ಇದಕ್ಕೆ ಕನ್ಕಷನ್ ಅನ್ನುತ್ತೇವೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಕು ಕವಿದ ಹಾಗೆ ಇರುತ್ತದೆ. ಜಾಸ್ತಿ ಜನಕ್ಕೆ ವಿಶ್ರಾಂತಿಯಲ್ಲೇ ವಾಸಿಯಾಗುತ್ತದೆ. ಆದರೆ ಕೆಲವರಿಗೆ ಒಳಗೆ ಸಣ್ಣಗೆ ರಕ್ತ ಒಸರುತ್ತಿರುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನ್ಯಾಕ್ ಇವೆಲ್ಲ ರಕ್ತ ಬೇಗ ಹೆಪ್ಪುಗಟ್ಟಲು ಬಿಡುವುದಿಲ್ಲ. ರಕ್ತ ನಿಲ್ಲಬೇಕಾದ ಹೊತ್ತಿನಲ್ಲಿ ಅದನ್ನು ನಿಲ್ಲಗೊಡದ ಮಾತ್ರೆ ನುಂಗುವುದು ಸರೀನಾ?

ಹೋದ ವರ್ಷ ಒಬ್ಬ ತಾಯಿ ಮಗನನ್ನು ಆಟೋದಲ್ಲಿ ಕರೆದುಕೊಂಡು ಬಂದರು. 22 ವರ್ಷದ ಹುಡುಗ. ಹಿಂದಿನ ಸಂಜೆ ಕಬ್ಬಿನ ಲೋಡ್ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ಕಿತ್ತು ಹಿಂದಕ್ಕೆ ಬಿದ್ದಿದ್ದ. ಎದ್ದು ಮೈ ಕೊಡವಿಕೊಂಡು ಮನೆಗೆ ನಡೆದೇ ಬಂದು, ಮುದ್ದೆ ಉಂಡು ಮಲಗಿದನಂತೆ. ಬೆಳಗ್ಗೆ ಎರಡು ಸಲ ವಾಂತಿ. ನನ್ನ ಮುಂದೆ ಕೂತಲ್ಲೇ ತೂಗುತ್ತಿದ್ದ. ಏನು ಮಾತ್ರೆ ಕೊಟ್ಟಿರಿ ಅಂದೆ. "ಬರೀ ನೋವಿನ್ ಮಾತ್ರೆ ಕಣವ್ವ, ನನ್ ಸೊಂಟಕ್ಕೆ ನುಂಗ್ತೀನಲ್ಲ, ಅದೇಯಾ. ರಾತ್ರಿ ಒಂದು, ಬೆಳಗ್ಗೆ ಒಂದು" ಅಂದರು. ಸೆರಗಿನ ಗಂಟು ಬಿಚ್ಚಿದರು. ಒಳಗೆ ಹತ್ತು ರೂಪಾಯಿ ನೋಟಲ್ಲಿ ಸುತ್ತಿದ ಒಂದು ಚೂರು ಮಾತ್ರೆ ಪಟ್ಟಿ. ಅಂಗಡಿಯವರು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟಿದ್ದು. ಹೆಸರು ಅರ್ಧಕ್ಕೇ ತುಂಡಾಗಿತ್ತು, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರೂ ಓದಲಾಗಲಿಲ್ಲ. ಕೊನೆಗೆ ಆ ಅಂಗಡಿಗೇ ಫೋನ್ ಮಾಡಿಸಿ ಕೇಳಿದರೆ ಡೈಕ್ಲೋಫೆನ್ಯಾಕ್! ತಕ್ಷಣ ಸ್ಕ್ಯಾನ್‌ಗೆ ಕಳಿಸಿದೆ. ಒಳಗೆ ರಕ್ತ ಒಸರಿತ್ತು. ಆಪರೇಷನ್ ಇಲ್ಲದೆಯೇ ಹುಡುಗ ಹುಷಾರಾದ, ಆದರೆ "ನಾನೇ ಕೊಟ್ಟೆನಲ್ಲವ್ವ" ಅಂತ ಆ ತಾಯಿ ಗೋಡೆಗೆ ಒರಗಿ ಅತ್ತದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ತಪ್ಪು ಅವರದಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ.

ದಯವಿಟ್ಟು ಅಂಗಡಿಯಲ್ಲಿ "ತಲೆನೋವಿಗೆ ಒಂದು ಕೊಡಿ" ಅನ್ನಬೇಡಿ. ಪ್ಯಾರಾಸಿಟಮಾಲ್ ಅಂತ ಹೆಸರು ಹಿಡಿದು ಕೇಳಿ, ಹೆಸರು ಕಾಣುವ ಹಾಗೆ ಪಟ್ಟಿ ಕತ್ತರಿಸಿಕೊಡಿ ಅನ್ನಿ. ಇದನ್ನು ಎಷ್ಟು ಸಲ ಹೇಳಿದರೂ ಜನ ಸುಮ್ನೆ ತಲೆಯಾಡಿಸಿ ಹೋಗುತ್ತಾರೆ. ಡಿಸ್ಪ್ರಿನ್ ಅಂದರೆ ಆಸ್ಪಿರಿನ್, ಬೇಡ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಇದೆಯಲ್ಲ ಅನ್ನುತ್ತಾರೆ. ಅದರ ಜೊತೆಗೆ 400 ಮಿಲಿಗ್ರಾಂ ಐಬುಪ್ರೊಫೇನೂ ಇದೆ, ಅದೂ ಬೇಡ. ಮೊದಲ ಎರಡು ದಿನವಂತೂ ಮುಟ್ಟಲೇಬೇಡಿ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂನ ಒಂದು ಪ್ಯಾರಾಸಿಟಮಾಲ್ ಮಾತ್ರೆ, 6 ಗಂಟೆ ಬಿಟ್ಟು ಇನ್ನೊಂದು, ದಿನಕ್ಕೆ 4 ಸಾಕು. ಎಷ್ಟೋ ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ನುಂಗಿ ಪ್ರಮಾಣ ಮೀರಿದರೆ ಲಿವರ್‌ಗೆ ಪೆಟ್ಟು. ಮಕ್ಕಳಿಗೆ ತೂಕ ನೋಡಿ ಡಾಕ್ಟರೇ ಹೇಳಬೇಕು. ಮದ್ಯ ಕುಡಿಯುವ ಹಾಗಿಲ್ಲ. ಮಾತ್ರೆ ನುಂಗಿದರೂ ನೋವು ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ ಇನ್ನೊಂದು ಮಾತ್ರೆ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ಹಾರ್ಟ್‌ಗೆ ಅಂತ ದಿನಾ ಇಕೋಸ್ಪ್ರಿನ್ ನುಂಗುವ ಅಜ್ಜ ಅಜ್ಜಿ ಇದ್ದಾರಾ? ಅದೂ ಆಸ್ಪಿರಿನ್ನೇ. ಅವರು ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾದರೆ ಚೆನ್ನಾಗೇ ಇದ್ದಾರೆ ಅಂತ ಕಾಯಬೇಡಿ, ಅವರು ನುಂಗುವ ಎಲ್ಲ ಮಾತ್ರೆ ಪಟ್ಟಿಗಳನ್ನೂ ಒಂದು ಕವರಿಗೆ ಹಾಕಿಕೊಂಡು ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಮಸ್ಕಾರ.