ನೋವಿಗೂ ಒಂದು ಹೊತ್ತಿದೆ

ನಮಸ್ಕಾರ. ಕಲಬುರಗಿಯ ಯಾವುದೇ ದವಾಖಾನೆಯ ಪಡಸಾಲೆಯಲ್ಲಿ ಬಾಕಿನ ಮೇಲೆ ಒಂದು ತಾಸು ಕುಳಿತರೆ ಒಂದೇ ಮಾತು ಹತ್ತಾರು ಬಾರಿ ಕಿವಿಗೆ ಬೀಳುತ್ತದೆ: "ಏನಿಲ್ಲ, ವಾಯು ಆಗ್ಯಾದ." ಮೊಣಕಾಲು ಬಾತ ಮುದುಕಿಗೂ ವಾಯು, ಟೊಂಕ ಬಗ್ಗಿಸಲಾಗದ ಕಾಲೇಜು ಹುಡುಗನಿಗೂ ವಾಯು, ಬೆರಳು ಮಡಚಲಾಗದ ಹೆಣ್ಣುಮಗಳಿಗೂ ವಾಯು. ವಾಯುವಿನ ಮಾತು ಮುಗಿದ ಮೇಲೆ ಉಳಿಯುವುದು ಎರಡನೆಯ ಮಾತು: "ವಯಸ್ಸಾಯಿತಲ್ಲ, ಇನ್ನೇನು." ಇಂದು ನಾನು ಈ ಎರಡು ಮಾತುಗಳ ವಿರುದ್ಧ ವಾದಿಸುವವನಿದ್ದೇನೆ. ನಾನು ವೈದ್ಯನಲ್ಲ. ಮನೆಯಲ್ಲಿ ಒಬ್ಬರ ಕೈಗಳು ಕಣ್ಣೆದುರೇ ಸೊಟ್ಟಗಾಗಿದ್ದನ್ನು ಕಂಡವನು, ಅದರಿಂದಾಗಿ ಈ ವಿಷಯವನ್ನು ಹಟದಿಂದ ಓದಿಕೊಂಡವನು.

ನನ್ನ ಚಿಗವ್ವ ಸೇಡಂ ತಾಲ್ಲೂಕಿನ ಹಳ್ಳಿಯವಳು. ನಲವತ್ತು ದಾಟಿದ ಹೊಸತರಲ್ಲಿ ಆಕೆಗೆ ಬೆಳಗಿನ ಹೊತ್ತು ರೊಟ್ಟಿ ಬಡಿಯಲು ಆಗದಂತಾಯಿತು. ಎರಡೂ ಕೈಗಳ ಬೆರಳುಗಳ ಬುಡದ ಗೆಣ್ಣುಗಳು ಒಟ್ಟಿಗೇ ಬಾತುಕೊಳ್ಳುತ್ತಿದ್ದವು, ಮುಷ್ಟಿ ಬಿಗಿಯಲು ಬರುತ್ತಿರಲಿಲ್ಲ. ಆದರೆ ಬಿಸಿಲೇರಿ ಹೊಲಕ್ಕೆ ಹೋಗುವ ಹೊತ್ತಿಗೆ ಕೈ ತಕ್ಕಮಟ್ಟಿಗೆ ಸಡಿಲಾಗುತ್ತಿತ್ತು. ಹಾಗಾಗಿ ಇದು ಮೈಗಳ್ಳತನವೆಂದು ಗುಸುಗುಸು ಮಾತನಾಡಿದವರೂ ಇದ್ದರು. ಎಣ್ಣೆ ತಿಕ್ಕಿದ್ದಾಯಿತು, ಬದನೆಕಾಯಿ ಬಿಡಿಸಿದ್ದಾಯಿತು, ಮೊಸರು ಬಿಡಿಸಿದ್ದಾಯಿತು. ಕೊನೆಗೆ ಸಂತೆಯಲ್ಲಿ ಒಬ್ಬಾತ ಚೀಟಿಯಿಲ್ಲದ ಪುಡಿಯ ಪೊಟ್ಟಣಗಳನ್ನು ಕೊಟ್ಟ. ಎರಡೇ ದಿನಗಳಲ್ಲಿ ನೋವು ಮಾಯವಾಯಿತು, ಮನೆಮಂದಿಯೆಲ್ಲ ಆತನನ್ನು ಹರಸಿದರು. ಒಂದೂವರೆ ವರ್ಷದ ಹೊತ್ತಿಗೆ ಆಕೆಯ ಮುಖ ದುಂಡಗೆ ಊದಿಕೊಂಡಿತ್ತು, ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು, ಪೊಟ್ಟಣ ತಪ್ಪಿದ ದಿನ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬೇಕೆಂದು ಮುಂದೆ ವೈದ್ಯರು ಅನುಮಾನಪಟ್ಟರು.

ಮೂರನೆಯ ವರ್ಷದಲ್ಲಿ, ಬೆರಳುಗಳು ಆಗಲೇ ಕಿರುಬೆರಳಿನ ಕಡೆಗೆ ವಾಲತೊಡಗಿದ ಮೇಲೆ, ಒಬ್ಬ ಕಿರಿಯ ವೈದ್ಯೆ ಆಕೆಯನ್ನು ಕೇಳಿದ ಮೊದಲ ಪ್ರಶ್ನೆ ನೋವು ಎಲ್ಲಿದೆ ಎಂಬುದಾಗಿರಲಿಲ್ಲ. "ಮುಂಜಾನೆ ಎದ್ದ ಮೇಲೆ ಕೈ ಸಡಿಲಾಗಲು ಎಷ್ಟು ಹೊತ್ತು ಹಿಡಿಯುತ್ತದೆ?" ಎಂದು ಕೇಳಿದರು. ನನ್ನ ಇಂದಿನ ಮಾತೆಲ್ಲ ಹುಟ್ಟಿರುವುದು ಆ ಒಂದು ಪ್ರಶ್ನೆಯಿಂದ. ಕೀಲುನೋವಿನಲ್ಲಿ ಜಾಗದಷ್ಟೇ, ಅನೇಕ ಬಾರಿ ಜಾಗಕ್ಕಿಂತ ಹೆಚ್ಚಾಗಿ, ಹೊತ್ತು ಮುಖ್ಯ. ನಮ್ಮ ವಾಯು ಎಂಬ ಪದ ಆ ಹೊತ್ತನ್ನೇ ನುಂಗಿಹಾಕುತ್ತದೆ.

ಇದೇಕೆ ಹೀಗೆ ಎಂದು ತಿಳಿಯಲು ಕೀಲಿನ ಒಳಗೊಮ್ಮೆ ಇಣುಕಬೇಕು. ವಯಸ್ಕರ ದೇಹದಲ್ಲಿ 206 ಎಲುಬುಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 106 ಎಲುಬುಗಳು, ಕೈಪಾದಗಳಲ್ಲೇ ಇವೆ. ರೊಟ್ಟಿ ಬಡಿಯುವ, ಹತ್ತಿ ಬಿಡಿಸುವ, ಬೀದರಿನಲ್ಲಿ ಕಪ್ಪು ಲೋಹದ ಮೇಲೆ ಬೆಳ್ಳಿಯ ಎಳೆ ಕೂರಿಸುವ ಕೆಲಸಗಳೆಲ್ಲ ಈ ಚಿಕ್ಕ ಚಿಕ್ಕ ಕೀಲುಗಳನ್ನೇ ನಂಬಿಕೊಂಡಿವೆ. ಚಲಿಸುವ ಕೀಲಿನಲ್ಲಿ ಎರಡು ಎಲುಬುಗಳ ತುದಿಗಳು ನೇರವಾಗಿ ಒಂದಕ್ಕೊಂದು ತಾಗುವುದಿಲ್ಲ. ತುದಿಗಳ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುತ್ತದೆ, ಸುತ್ತಲೂ ಒಂದು ಚೀಲವಿರುತ್ತದೆ, ಚೀಲದ ಒಳಪೊರೆ ಜಿಗುಟಾದ ದ್ರವವೊಂದನ್ನು ಸ್ರವಿಸುತ್ತದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ನೆನೆದ ಅರಿವೆಯನ್ನು ಅದುಮಿದಾಗ ನೀರು ಬಿಟ್ಟು, ಕೈತೆಗೆದಾಗ ಮತ್ತೆ ಹೀರಿಕೊಳ್ಳುವಂತೆ, ಅದು ನಮ್ಮ ಓಡಾಟದ ಒತ್ತಡದಿಂದಲೇ ಆ ದ್ರವದಿಂದ ಪೋಷಣೆ ಪಡೆಯುತ್ತದೆ. ಆದ್ದರಿಂದ ಮೊಣಕಾಲು ನೋಯುತ್ತದೆಂದು ಮೂರು ತಿಂಗಳು ಮಂಚ ಹಿಡಿಯಿರಿ ಎಂಬ ಸಲಹೆ ಮೃದ್ವಸ್ಥಿಯ ಪಾಲಿಗೆ ಉಪವಾಸದ ಸಲಹೆಯಾಗಿದೆ.

ಚಿಗವ್ವನಿಗೆ ಬಂದದ್ದು ರುಮಟಾಯ್ಡ್ ಸಂಧಿವಾತ. ಇದರಲ್ಲಿ ಸವಕಳಿಯ ಮಾತೇ ಬರುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಎರಗುತ್ತದೆ, ಪೊರೆ ಊದಿಕೊಂಡು ಮೃದ್ವಸ್ಥಿಯನ್ನೂ ಎಲುಬನ್ನೂ ತಿನ್ನುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ವಿಶ್ರಾಂತಿಯಲ್ಲಿ ಬಿಗಿಯುವುದು, ಬೆಳಗಿನ ಜಡತೆ ಒಂದು ತಾಸನ್ನೂ ಮೀರುವುದು, ಎಡಬಲ ಕೈಗಳೆರಡರಲ್ಲೂ ಸರಿಸಮನಾಗಿ ಕಾಣಿಸುವುದು ಇದರ ಗುರುತು. ರೋಗ ಶುರುವಾದ ಮೊದಲ ತಿಂಗಳುಗಳಲ್ಲೇ ಮೆಥೊಟ್ರೆಕ್ಸೇಟ್‌ನಂಥ ಔಷಧ ಆರಂಭಿಸಿದರೆ ಬಹುಪಾಲು ಮಂದಿಯ ಬೆರಳುಗಳು ನೆಟ್ಟಗೆ ಉಳಿಯುತ್ತವೆ. ಒಮ್ಮೆ ಸೊಟ್ಟಗಾದದ್ದನ್ನು ಯಾವ ಗುಳಿಗೆಯೂ ನೆಟ್ಟಗೆ ಮಾಡಲಾರದು. ಸಂತೆಯ ಆ ಪುಡಿ ಆಕೆಯಿಂದ ಕಸಿದುಕೊಂಡದ್ದು ಈ ತಿಂಗಳುಗಳನ್ನು. ನೋವು ಆರಿತ್ತು, ಒಳಗಿನ ಹಾನಿ ಮುಂದುವರಿದಿತ್ತು. ಇಲ್ಲಿ ಎರಡು ಎಚ್ಚರಿಕೆಗಳನ್ನು ಒತ್ತಿ ಹೇಳುತ್ತೇನೆ. ಮೆಥೊಟ್ರೆಕ್ಸೇಟ್ ಈ ಕಾಯಿಲೆಯಲ್ಲಿ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ, ದಿನಾಲೂ ನುಂಗಿದರೆ ಪ್ರಾಣಕ್ಕೇ ಅಪಾಯ. ಇನ್ನು, ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿಂದವರು ಅದನ್ನು ಒಮ್ಮೆಲೇ ನಿಲ್ಲಿಸಕೂಡದು, ವೈದ್ಯರ ಕಣ್ಗಾವಲಿನಲ್ಲಿ ಹಂತಹಂತವಾಗಿ ಇಳಿಸಬೇಕು.

ಮುದುಕಿಯ ಮೊಣಕಾಲಿನ ಗಡಿಯಾರ ಇದಕ್ಕೆ ತದ್ವಿರುದ್ಧವಾಗಿ ಓಡುತ್ತದೆ. ಬೆಳಿಗ್ಗೆ ಹತ್ತಿಪ್ಪತ್ತು ನಿಮಿಷ ಹಿಡಿದುಕೊಂಡಂತಾಗಿ ಬಿಟ್ಟುಬಿಡುತ್ತದೆ. ದಿನವೆಲ್ಲ ತೊಗರಿ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆದು, ಸಂಜೆ ಒಲೆಯ ಮುಂದೆ ಕೂತು ಏಳುವಾಗ ಜೀವ ಹೋದಂತಾಗುತ್ತದೆ. ಇದು ಅಸ್ಥಿಸಂಧಿವಾತ. ಎಕ್ಸ್‌ರೇ ನೋಡಿ "ಎಲುಬು ಸವೆದಿದೆ" ಎನ್ನುವುದು ನಮ್ಮಲ್ಲಿ ರೂಢಿ, ಆದರೆ ಮೊದಲು ಸವೆಯುವುದು ಮೃದ್ವಸ್ಥಿ. ಎಲುಬಾದರೋ ಅಂಚಿನಲ್ಲಿ ಮುಳ್ಳಿನಂತೆ ಹೆಚ್ಚುವರಿಯಾಗಿ ಬೆಳೆಯುತ್ತದೆ. ಸವೆದಿದೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮನುಷ್ಯ ನಡೆಯುವುದನ್ನು ಬಿಡುತ್ತಾನೆ, ತೊಡೆಯ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯುವಿನ ಭಾರವೂ ಕೀಲಿನ ಮೇಲೆಯೇ ಬೀಳುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ಅನುಭವಿಸುವ ನೋವಿಗೂ ಅಂಥ ಬಿಗಿಯಾದ ನಂಟೂ ಇಲ್ಲ. ದೇಹದ ತೂಕ ಒಂದು ಕಿಲೊ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೊ ಇಳಿಯುತ್ತದೆ. ಕುರ್ಚಿಯ ಮೇಲೆ ಕುಳಿತು ಕಾಲನ್ನು ನೆಟ್ಟಗೆ ಚಾಚಿ ಹಿಡಿಯುವ ವ್ಯಾಯಾಮಕ್ಕೆ ಕಾಸಿನ ಖರ್ಚೂ ಇಲ್ಲ. ಹೀಗಿದ್ದೂ ನಮ್ಮ ಮನೆಗಳಲ್ಲಿ ಒಲೆಯನ್ನು ಕಟ್ಟೆಗೆ ಏರಿಸುವ ಮೊದಲು ಟಿವಿಯನ್ನು ಗೋಡೆಗೆ ಏರಿಸುತ್ತೇವೆ. ರೊಟ್ಟಿಯ ರುಚಿ ಕಟ್ಟಿಗೆ ಒಲೆಯಲ್ಲೇ ಇದೆಯೆಂದು ವಾದಿಸುವವರಲ್ಲಿ ರೊಟ್ಟಿ ಬಡಿಯುವವರು ಎಷ್ಟು ಮಂದಿಯೋ!

ಟೊಂಕ ಹಿಡಿದ ಹುಡುಗನ ವಿಷಯದಲ್ಲಿ ನಾವು ಇನ್ನೂ ಉದಾಸೀನರು. ಬೈಕಿನ ಮೇಲೆ ತಿರುಗುತ್ತಾನೆ, ಮೊಬೈಲ್ ಹಿಡಿದು ಮಲಗುತ್ತಾನೆ, ಅದಕ್ಕೇ ಎನ್ನುತ್ತೇವೆ. ಆದರೆ ಇಪ್ಪತ್ತು ಮೂವತ್ತರ ಹರೆಯದವನು ರಾತ್ರಿಯ ಕೊನೆಯ ಜಾವದಲ್ಲಿ ಬೆನ್ನುನೋವಿನಿಂದ ಎಚ್ಚೆತ್ತು, ಎದ್ದು ಓಡಾಡಿದ ಮೇಲೆ ಹಗುರಾಗುತ್ತೇನೆ ಎಂದರೆ, ಅದೂ ಮೂರು ತಿಂಗಳು ಮೀರಿದ್ದರೆ, ಬೆನ್ನೆಲುಬಿನ ಮಣಿಗಳು ನಿಧಾನವಾಗಿ ಒಂದಕ್ಕೊಂದು ಬೆಸೆದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದೆಂದು ಪರೀಕ್ಷಿಸಲೇಬೇಕು. ಅದೇ ಬೆನ್ನುನೋವು ಮಲಗಿದರೂ ತಗ್ಗದೆ, ಸಂಜೆಯ ಸಣ್ಣ ಜ್ವರ, ಬೆವರು ಮತ್ತು ತೂಕ ಇಳಿಕೆಯನ್ನು ಕರೆತಂದರೆ ಬೆನ್ನೆಲುಬಿನ ಕ್ಷಯದ ಶಂಕೆ ಬರಬೇಕು. ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲೇ ವಿವರಿಸಿದ ಈ ಕಾಯಿಲೆ ಔಷಧಿಗೆ ಬಗ್ಗುವಂಥದ್ದು; ತಡವಾದರೆ ಮಾತ್ರ ಕಾಲುಗಳ ಬಲವನ್ನೇ ಕಸಿಯುತ್ತದೆ. ನಡುರಾತ್ರಿ ಕಾಲಿನ ಹೆಬ್ಬೆರಳಿನ ಬುಡ ಕೆಂಡದಂತಾಗಿ ಹೊದಿಕೆ ತಾಗುವುದನ್ನೂ ಸಹಿಸದಿದ್ದರೆ ಅದು ಬಹುಮಟ್ಟಿಗೆ ಯೂರಿಕ್ ಆಮ್ಲದ ಹರಳುಗಳಿಂದಾದ ಗೌಟ್.

ಹೊತ್ತೇ ಇಲ್ಲದ ಕಾಯಿಲೆಗಳೂ ಇವೆ, ನನಗೆ ಹೆಚ್ಚು ಭಯ ಅವುಗಳದ್ದೇ. ಯಾದಗಿರಿಯ ಕಡೆಗೆ ಹೋದಂತೆ ನೆಲದಡಿಯಲ್ಲಿ ಗ್ರಾನೈಟ್ ಮತ್ತು ನೈಸ್ ಬಂಡೆಗಳಿವೆ. ಇಂಥ ಬಂಡೆಗಳ ನಡುವಿನಿಂದ ಬರುವ ಕೊಳವೆಬಾವಿಯ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಮಿತಿಮೀರಿರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಬಹಳ ಹೆಚ್ಚಿನ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಎಲುಬು ಅಸಹಜವಾಗಿ ಗಟ್ಟಿಯಾಗುತ್ತದೆ, ಕೀಲುಗಳ ಸುತ್ತಲಿನ ನಾರಿನಂಥ ಕಟ್ಟುಗಳೇ ಎಲುಬಾಗುತ್ತವೆ, ಕುತ್ತಿಗೆ ತಿರುಗದು, ಬೆನ್ನು ಬಗ್ಗದು. ಒಂದೇ ಬಾವಿಯ ನೀರು ಕುಡಿಯುವ ಓಣಿಯಲ್ಲಿ ಹತ್ತು ಮಂದಿಗೆ ಟೊಂಕ ಹಿಡಿದಿದ್ದರೆ ಪರೀಕ್ಷೆಗೆ ಒಯ್ಯಬೇಕಾದದ್ದು ಮೊದಲು ನೀರನ್ನು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ.

ಮತ್ತೊಂದು, ಎಲುಬು ಟೊಳ್ಳಾಗುವ ಆಸ್ಟಿಯೊಪೊರೋಸಿಸ್. ಇದು ಮುರಿಯುವ ದಿನದವರೆಗೂ ನೋಯುವುದೇ ಇಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಎಂಬ ಹಾರ್ಮೋನು ಇಳಿದು ಹೆಂಗಸರ ಎಲುಬು ವೇಗವಾಗಿ ಸೊರಗುತ್ತದೆ, ವರ್ಷಗಟ್ಟಲೆ ತಿಂದ ಸ್ಟೀರಾಯ್ಡ್ ಅದಕ್ಕೆ ಇನ್ನಷ್ಟು ಕೈಜೋಡಿಸುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಯಾಲ್ಸಿಯಂನ ಮೇಲೆಯೇ ನಡೆದಾಡುವ ನಾವು ಅದೇ ಕಲ್ಲಿನ ಒದ್ದೆ ಬಚ್ಚಲಲ್ಲಿ ಜಾರಿ ಕ್ಯಾಲ್ಸಿಯಂ ಇಲ್ಲದ ಸೊಂಟ ಮುರಿದುಕೊಳ್ಳುತ್ತೇವೆ. ಬಿಸಿಲಿನ ನಾಡಿನಲ್ಲಿ ವಿಟಮಿನ್ ಡಿ ಕೊರತೆಯೇ ಎಂದು ನಗುವವರಿದ್ದಾರೆ. ಬೇಸಿಗೆಯಲ್ಲಿ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಳ್ಳದೆ ಹೊರಗೆ ಕಾಲಿಡಲಾಗದ ಊರಿನಲ್ಲಿ ಚರ್ಮಕ್ಕೆ ತಾಗುವ ಬಿಸಿಲೆಷ್ಟು ಎಂಬುದನ್ನು ಅವರು ಲೆಕ್ಕ ಹಾಕಿದಂತಿಲ್ಲ. ನಮ್ಮ ತಟ್ಟೆಯಲ್ಲಿ ರಾಗಿಯೂ ಇಲ್ಲ. ಎಳ್ಳಮಾವಾಸ್ಯೆಯ ಸಜ್ಜೆ ರೊಟ್ಟಿಗೆ ಅಂಟಿದ ಎಳ್ಳು ವರ್ಷವಿಡೀ ಸಾಲುವುದಿಲ್ಲ.

ಇಷ್ಟನ್ನು ಕೇಳಿ ಕೆಲವರು, ಇದಕ್ಕೆಲ್ಲ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಬೇಕು, ಕೂಲಿ ಬಿಟ್ಟು ಹೋಗುವವರಾರು ಎಂದು ಕೇಳಬಹುದು. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಸಂಧಿವಾತದ ತಜ್ಞರು ನಮ್ಮ ಕಡೆ ವಿರಳ. ಆದರೆ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಇಂದು ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಮತ್ತು ಹೊತ್ತನ್ನು ಕೇಳುವ ಪ್ರಶ್ನೆಗೆ ತಜ್ಞರೇ ಬೇಕಿಲ್ಲ. ಆಶಾ ಕಾರ್ಯಕರ್ತೆ ಕೇಳಬಹುದು, ಮಗಳು ಕೇಳಬಹುದು. ಎಲುಬು ಕಟ್ಟುವ ಹಿರಿಯರನ್ನೂ ನಾನು ಈ ಮಾತಿನಿಂದ ಹೊರಗಿಡುವುದಿಲ್ಲ. ಅವರ ಕೈಗುಣದ ಮೇಲೆ ಜನರಿಗೆ ನಂಬಿಕೆಯಿದೆ. ಕಟ್ಟು ಹಾಕಿದ ಮೇಲೆ ನೋವು ಏರುತ್ತಲೇ ಹೋಗಿ, ಬೆರಳು ತಣ್ಣಗಾಗಿ, ನೀಲಿಗಟ್ಟಿ, ಜೋಮು ಹಿಡಿದರೆ ಬೆಳಗಾಗಲಿ ಎಂದು ಕಾಯದೆ ಕಟ್ಟನ್ನು ಬಿಚ್ಚಿ ದವಾಖಾನೆಗೆ ಅಟ್ಟಬೇಕೆಂಬುದನ್ನು ಅವರಿಗೂ ಯಾರಾದರೂ ಕೂತು ಹೇಳಬೇಕು. ಕೆಲವೇ ತಾಸುಗಳ ತಡದಿಂದ ಕೈಯ ಸ್ನಾಯುಗಳು ಶಾಶ್ವತವಾಗಿ ಸಾಯುತ್ತವೆ.

ಚಿಗವ್ವ ಈಗ ತನ್ನ ವಾರದ ಗುಳಿಗೆಯನ್ನು ಸಂತೆಯ ದಿನಕ್ಕೆ ಗಂಟು ಹಾಕಿಕೊಂಡಿದ್ದಾಳೆ, ಹಾಗಾಗಿ ಮರೆಯುವುದೂ ಇಲ್ಲ, ಎರಡು ಬಾರಿ ನುಂಗುವುದೂ ಇಲ್ಲ. ಎರಡು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಬಸ್ಸು ಹತ್ತಿ ಬರುತ್ತಾಳೆ. ಬಾವು ಇಳಿದಿದೆ, ಬೆರಳುಗಳು ವಾಲಿದಂತೆಯೇ ಇವೆ. ರೊಟ್ಟಿ ಬಡಿಯುವುದು ಸೊಸೆ, ಹಂಚಿನ ಮೇಲೆ ನೀರು ಸವರಿ ತಿರುವಿ ಹಾಕುವುದು ಆಕೆ. ಹೋದ ತಿಂಗಳು ನಾನು ಹೋದಾಗ ಪಕ್ಕದ ಮನೆಯ ಹೆಣ್ಣುಮಗಳೊಬ್ಬಳು ಕೈ ಹಿಡಿದುಕೊಂಡು ಬಂದು ವಾಯುವಿನ ಮಾತು ತೆಗೆದಳು. ಚಿಗವ್ವ ಹಂಚಿನಿಂದ ಕಣ್ಣು ತೆಗೆಯದೆ ಕೇಳಿದಳು: "ಮುಂಜಾನಿ ನೋಯ್ತಾದೋ, ಸಂಜಿಕ ನೋಯ್ತಾದೋ?"